ಕೊಟ್ರಪ್ಪಜ್ಜನ ಪಾಳಿ

"ನಾ ಬರೆಯೂದಿಲ್ಲ," ಎಂದು ದಾನಮ್ಮ ಪೆನ್ನನ್ನು ಚಾಪೆಯ ಮೇಲೆ ಎಸೆದಳು.

ಸಿಟ್ಟು ಬರದೆ ಇನ್ನೇನು? ಬೆಳಿಗ್ಗೆ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಅಪ್ಪ ಶ್ರೀಶೈಲ ಹುಬ್ಬಳ್ಳಿಯಿಂದ ಬಂದು ಲಾರಿ ಇಳಿದವನೇ ನೇರ ಅಲ್ಲಿಗೆ ಬಂದಿದ್ದ. ಜಗದಾಂಬಾ ಮಿಸ್ ಅವಳ ಮ್ಯಾಥ್ಸ್ ಮಾರ್ಕ್ಸ್ ಹೊಗಳುತ್ತಿದ್ದರೆ ಈ ಮಹಾರಾಯ ಬೆಂಚಿನ ಮೇಲೆ ಗೊರಕೆ ಹೊಡೆದ. ಅವಳ ಕ್ಲಾಸಿನ ಯಶ್ವಂತ್ ಅದೇ ಥರ ಗೊರಕೆ ತೆಗೆಯುತ್ತ ಗೇಟಿನವರೆಗೂ ಅವಳ ಬೆನ್ನು ಹತ್ತಿದ್ದ. ಶ್ರೀಗಂಧದ ಕಾವಲಿನ ಮನೆ ಮುಟ್ಟುವವರೆಗೆ ದಾನಮ್ಮ ಅಪ್ಪನ ಜೊತೆ ತುಟಿ ಬಿಚ್ಚಲಿಲ್ಲ.

ಒಬ್ಬ ಡ್ರೈವರ್ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಲಾರಿ ಓಡಿಸಬಾರದು ಅಂತ ಕಾನೂನಿದೆ. ಯಾರು ಎಷ್ಟು ಹೊತ್ತು ಓಡಿಸಿದರು ಎಂದು ಬರೆದಿಡಲು ಒಂದು ಪುಸ್ತಕವೂ ಇದೆ. ಅಕ್ಷರ ದುಂಡಗಿದೆ ಎಂದು ಪ್ರತಿ ವಾರ ಅದನ್ನು ತುಂಬುವವಳು ದಾನಮ್ಮ. ಶ್ರೀಶೈಲ, ಎಂಟು ತಾಸು. ಕೊಟ್ರಪ್ಪ, ಎಂಟು ತಾಸು. ಕೊಟ್ರಪ್ಪ ಅಂದರೆ ಅವಳ ಅಜ್ಜ, ಹಳೇ ಡ್ರೈವರ್. ಬೋರ್ಡ್ ಮೇಲಿನದನ್ನು ಕಾಪಿ ಮಾಡುವ ಹಾಗೆ, ಅರ್ಥದ ಗೊಡವೆಗೆ ಹೋಗದೆ ಅವಳು ಬರೆದುಬಿಡುತ್ತಿದ್ದಳು.

"ಸಿಟ್ಟು ಆಮ್ಯಾಲ ಮಾಡವಾ. ನಾಕಕ್ಕ ಮತ್ತ ಲೋಡ್ ಐತಿ," ಎಂದ ಅಪ್ಪ. "ಬರಿ. ಗುರುವಾರ ಮುಂಜಾನೆ ಆರರಿಂದ ಎರಡು, ಕೊಟ್ರಪ್ಪ."

ಬುಸುಗುಡುತ್ತಲೇ ಪೆನ್ನು ಎತ್ತಿಕೊಂಡಳು. 'ಕೊ' ಎಂದು ಬರೆದು ನಿಲ್ಲಿಸಿದಳು. ಗುರುವಾರ ಬೆಳಿಗ್ಗೆ ಅವಳ ಜೊತೆ ಸ್ಕೂಲಿಗೆ ಬಂದದ್ದು ಅಜ್ಜನೇ. ಕಣ್ಣಿಗೆ ಪೊರೆ ಬಂದ ಮೇಲೆ ಅಜ್ಜ ಲಾರಿ ಮುಟ್ಟಿಲ್ಲ. ರಸ್ತೆ ದಾಟುವಾಗ ಅವಳೇ ಅವನ ಕೈ ಹಿಡಿದಿದ್ದಳು.

"ಅಪ್ಪಾ, ಅಜ್ಜನ ಎಂಟು ತಾಸು ಯಾರು ಓಡಿಸಿದ್ರು?"

"ಮತ್ಯಾರು, ನಾನ. ಎರಡನೇ ಡ್ರೈವರ್ ಕೊಡ್ರಿ ಅಂದ್ರ ಓನರ್ ಬ್ಯಾರೆ ಕೆಲಸ ನೋಡ್ಕೋ ಅಂತಾರ..." ಗೋಡೆಗೆ ಒರಗಿದ ಅಪ್ಪನ ಮಾತು ಅರ್ಧಕ್ಕೇ ನಿಂತು ಗೊರಕೆ ಶುರುವಾಯಿತು.

ದಾನಮ್ಮ ಹಿಂದಿನ ಪುಟಗಳನ್ನು ತಿರುವಿದಳು. ಎಲ್ಲ ಕಡೆ ಕೊಟ್ರಪ್ಪ, ಕೊಟ್ರಪ್ಪ. ಎಲ್ಲವೂ ಅವಳದೇ ದುಂಡನೆಯ ಅಕ್ಷರ. ಅಪ್ಪನ ನಿದ್ದೆಯನ್ನು ಅವಳೇ ವಾರವಾರ ಚಂದ ಮಾಡಿ ಓನರ್‌ಗೆ ಬರೆದುಕೊಟ್ಟಿದ್ದಳು. ಅವಳ ಮೈಯೆಲ್ಲ ಉರಿಯಿತು. ಈ ಸಲ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ.

ಫೋನ್ ಬಡಿದುಕೊಂಡಿತು. ಅಪ್ಪನಿಗೆ ಎಚ್ಚರ ಆಗುವ ಮೊದಲೇ ಅವಳು ಎತ್ತಿದಳು. ಲಾರಿ ಓನರ್ ಉದಯಕುಮಾರ್. ಅಪ್ಪನನ್ನು ಎಬ್ಬಿಸು, ಗಾಡಿ ಈಗಲೇ ಹೊರಡಬೇಕು ಎಂದರು.

"ಅಪ್ಪನ ಎಂಟು ತಾಸು ಮುಗೀತು ಸಾರ್. ಬುಕ್ಕಲ್ಲಿ ಈಗ ಕೊಟ್ರಪ್ಪ ಡ್ರೈವರ್ ಪಾಳಿ. ಅವರಿಗೆ ಕೊಡ್ಲಾ ಫೋನು?"

ಆ ಕಡೆಯಿಂದ ಲೈನ್ ಕಟ್ಟಾಯಿತು. ನಾಳೆ ಅಪ್ಪನಿಗೆ ಕೆಲಸ ಇರುತ್ತದೋ ಇಲ್ಲವೋ.

ಅಪ್ಪ ಅರೆಗಣ್ಣು ತೆರೆದು ಯಾರು ಎಂದು ಕೇಳಿದ.

"ಯಾರೂ ಇಲ್ಲ. ಮಕ್ಕೋ ನೀ," ಎಂದು ದಾನಮ್ಮ ಅವನ ತಲೆಯಡಿ ದಿಂಬು ಸರಿಸಿದಳು.

ಗೊರಕೆ ಬೀದಿಗೆ ಕೇಳುವಷ್ಟು ಜೋರಾಯಿತು. ಕೇಳಿದರೆ ಕೇಳಲಿ ಎಂದು ಅವಳು ಬಾಗಿಲನ್ನು ತೆರೆದೇ ಇಟ್ಟಳು.