ಲೋಹಿತನ ಸೋಲಾರ್ ಪೆಟ್ಟಿಗೆ

ಎಲ್ಲರೂ ನಕ್ಕಿದ್ದರು. ಅಷ್ಟೇ ಆಗಿದ್ದರೆ ಅಯಾಜ್ ಮರೆತುಬಿಡುತ್ತಿದ್ದನೋ ಏನೋ. ಆದರೆ ಮೊದಲು ನಕ್ಕವಳು ಸುಹಾನಾ.

ಸವಣೂರಿನ ಹೊರಗೆ ದಾದಾಪೀರ ಮಾಮುವಿನ ವೀಳ್ಯದೆಲೆಯ ತೋಟ. ಅದರ ಪಕ್ಕದ ಬಯಲಿನಲ್ಲಿ ಮಾಮುವಿನ ಮಗಳು ಸುಹಾನಾ ಟೆಂಟು ಹಾಕಿಸಿ, ಶನಿವಾರ-ಭಾನುವಾರ ಹುಬ್ಬಳ್ಳಿಯ ಮಂದಿಯನ್ನು ಕರೆಸಲು ಶುರುಮಾಡಿದ್ದಳು. ಪಂಪಿನ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೀಪಕ್ಕೆ, ಫ್ಯಾನಿಗೆ, ಮೊಬೈಲ್ ಚಾರ್ಜಿಗೆ ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಸೋಲಾರ್ ಪೆಟ್ಟಿಗೆ ಬೇಕಿತ್ತು. ಅಂಗಡಿಯ ಬೆಲೆ ಕೇಳಿ ಅವಳು ಹೌಹಾರಿದಾಗ, "ಸುಮ್ಮನ ಯಾಕ ರೊಕ್ಕಾ ಸುರೀತಿ? ನಾ ಮಾಡಿ ಕೊಡ್ತೇನಿ" ಎಂದವನು ಅಯಾಜ್. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಮಿಕ್ಸರ್, ಮೋಟಾರು ರಿಪೇರಿ ಅಂಗಡಿ. ತಂದೆ ತೀರಿದ ಮೇಲೆ ಮಾಮುವಿನ ಮನೆಯಲ್ಲೇ ಉಂಡು ಬೆಳೆದವನು. ಅಂಗಡಿ ಹಾಕಿಕೊಟ್ಟವರೂ ಅವರೇ.

ಟ್ರ್ಯಾಕ್ಟರ್ ಬ್ಯಾಟರಿಗೆ ಹಳೆಯ ಇನ್ವರ್ಟರ್ ಜೋಡಿಸಿ, ಎರಡನ್ನೂ ಕಬ್ಬಿಣದ ಟ್ರಂಕಿನಲ್ಲಿಟ್ಟು ಒಯ್ದ. ಇಳಿಸಲು ಇಬ್ಬರು ಬೇಕಾದರು. "ಅಯಾಜ್ ಭಾಯಿ, ಇದನ್ನ ಎತ್ತಾಕ ಜೆಸಿಬಿನೂ ನೀನ ಕೊಡ್ತೀಯೇನ?" ಎಂದು ಸುಹಾನಾ ಬಂದವರೆದುರೇ ಅಂದು ನಕ್ಕಳು. ಊಟ ಮುಗಿಯುವಷ್ಟರಲ್ಲಿ ಫ್ಯಾನು ನಿಂತೇ ಹೋಯಿತು. ಮಂದಿ ಸೊಳ್ಳೆ ಹೊಡೆಯುತ್ತ ಬೆಳಗು ಮಾಡಿದರು.

ಮುಂದಿನ ವಾರವೇ ಶಿಗ್ಗಾಂವಿಯ ಲೋಹಿತ ಎಂಬವನು ಮಾಡಿದ ಪೆಟ್ಟಿಗೆ ಬಂತು. ಲಿಥಿಯಂ ಸೆಲ್ಲು, ಮಡಚುವ ಪ್ಯಾನೆಲ್ಲು. ಖರ್ಚು ಅಯಾಜನ ಟ್ರಂಕಿಗಿಂತ ತುಸುವೇ ಹೆಚ್ಚು. ಬೆಳಗಿನ ತನಕ ಫ್ಯಾನು ತಿರುಗಿತು. "ಹುಡುಗ ಭಾಳ ಶಾಣ್ಯಾ ಅದಾನ" ಎಂದರು ಮಾಮು. ಇಷ್ಟು ವರ್ಷದಲ್ಲಿ ಅಯಾಜನಿಗೆ ಒಮ್ಮೆಯೂ ಸಿಗದ ಮಾತು ಅದು.

ಹೊಟ್ಟೆಕಿಚ್ಚು ಎಂದು ಅವನು ಒಪ್ಪಿಕೊಳ್ಳಲಿಲ್ಲ. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಒಮ್ಮೆ ಬಿಚ್ಚಿ ನೋಡಬೇಕು, ಅಷ್ಟೇ. ಅದು ಕಳುವಾದರೆ ಸುಹಾನಾ ತನ್ನ ಹತ್ತಿರವೇ ಬರಬೇಕು. ಆಗ ಅಂಥದ್ದನ್ನೇ ಪುಕ್ಕಟೆ ಮಾಡಿಕೊಟ್ಟರಾಯಿತು, ಯಾರಿಗೂ ನಷ್ಟವಿಲ್ಲ. ಹೀಗೆ ಲೆಕ್ಕ ಹಾಕಿಕೊಂಡೇ ಮಾಮುವಿನ ಮನೆಯಲ್ಲಿ ರೊಟ್ಟಿ ಮುರಿಯುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ ಅಲ್ಲವೇ? ನಾಚಿಕೆಯಾಗುತ್ತಿತ್ತು. ಆದರೂ ಎಣಿಸಿದ.

ಕದ್ದವರು ಹುಬ್ಬಳ್ಳಿಯವರೇ ಎಂದು ಕಾಣಬೇಕು. ಅದಕ್ಕಾಗಿ ಹುಬ್ಬಳ್ಳಿಗೇ ಹೋಗಿ ಹಳೆಯ ಟ್ರೆಕ್ಕಿಂಗ್ ಬೂಟು ತಂದ. ತನ್ನ ಕಾಲಿಗಿಂತ ದೊಡ್ಡದು. ತುದಿಗೆ ಚಿಂದಿ ತುರುಕಿದ. ಅಡಿಯಲ್ಲಿ ಆಳವಾದ ಗೆರೆಗಳಿದ್ದವು. ಸವಣೂರಿನಲ್ಲಿ ಅಂಥ ಬೂಟು ಹಾಕುವವರು ಯಾರೂ ಇಲ್ಲ. ಪೆಟ್ಟಿಗೆ ಹೊರಲು ಚುರುಮರಿ ತುಂಬುವ ದೊಡ್ಡ ಚೀಲ. ಖಾರಾ-ಚುರುಮರಿ ಮಾರುವ ಈ ಊರಲ್ಲಿ ಬೈಕಿನ ಮೇಲೆ ಚುರುಮರಿ ಚೀಲ ಹೋದರೆ ಯಾರೂ ತಿರುಗಿ ನೋಡುವುದಿಲ್ಲ.

ಭಾನುವಾರ ಬೆಳಿಗ್ಗೆ ತೋಟಕ್ಕೆ ನೀರು ಹಾಯಿಸಿ, ಬಂದವರನ್ನು ಕಳಿಸಿ, ಪೆಟ್ಟಿಗೆಯನ್ನು ತೋಟದೊಳಗಿನ ಪಂಪಿನ ಮನೆಯಲ್ಲಿಟ್ಟು, ಅಪ್ಪ-ಮಗಳು ನಾಷ್ಟಾಕ್ಕೆ ಮನೆಗೆ ಹೋದರು. ಕೀಲಿ ಹಂಚಿನ ಸಂದಿಯಲ್ಲಿ ಇರುವುದು ಬಂದುಹೋದವರಿಗೆಲ್ಲ ಗೊತ್ತು. ಹುಬ್ಬಳ್ಳಿಯವರ ಕಾರು ನಿಂತಿದ್ದ ಜಾಗದಿಂದಲೇ ಅಯಾಜ್ ನಡೆದ. ಹಸಿ ಬದುವಿನುದ್ದಕ್ಕೂ ಊರಿ ಊರಿ ಹೆಜ್ಜೆಯಿಟ್ಟ. ಬಳ್ಳಿಗಳ ನಡುವೆ ನೆರಳು, ತಣ್ಣಗಿನ ಮಣ್ಣು. ಮಾಮುವಿನ ಹಿಂದೆ ಕುಡಿ ಕಟ್ಟುತ್ತ ಓಡಾಡಿದ ಸಾಲುಗಳೇ ಅವು. ಯೋಚನೆಯೇ ಬೇಕಾಗಲಿಲ್ಲ, ಕಾಲು ತಾನೇ ದಾರಿ ಹಿಡಿಯಿತು. ಪೆಟ್ಟಿಗೆ ಒಂದೇ ಕೈಗೆ ಬಂತು. ಅಯ್ಯೋ, ಎಷ್ಟು ಹಗುರ! ಅವಮಾನದಿಂದ ಕಿವಿ ಬಿಸಿಯಾಯಿತು. ಬಂದ ದಾರಿಯಲ್ಲೇ ಹಿಂದಿರುಗಿ, ಬೂಟನ್ನು ಹಾಳು ಬಾವಿಗೆ ಎಸೆದ.

ಅಂಗಡಿಯ ಬಾಗಿಲು ಎಳೆದುಕೊಂಡು ಪೆಟ್ಟಿಗೆ ಬಿಚ್ಚಿದ. ಸೆಲ್ಲುಗಳು ಸಾಲಾಗಿ ಕೂತಿದ್ದವು. ವೈರು ಒಂದೂ ಜೋತು ಬಿದ್ದಿರಲಿಲ್ಲ. ಸೆಲ್ಲು ಕೆಡದಂತೆ ಕಾಯಲು ಒಂದು ಸಣ್ಣ ಸರ್ಕ್ಯೂಟ್ ಬೋರ್ಡು. ಯಾವ ಗುಟ್ಟೂ ಇರಲಿಲ್ಲ. ಒಪ್ಪವಾಗಿ ಮಾಡಿದ ಕೆಲಸ ಇತ್ತು, ಅವನಿಗೂ ಬರುತ್ತಿದ್ದ ಕೆಲಸ. ಲೋಹಿತನನ್ನು ಒಂದು ಮಾತು ಕೇಳಿದ್ದರೆ ಹೇಳಿಕೊಡುತ್ತಿದ್ದನೇನೋ. ವಾಪಸ್ ಇಟ್ಟು ಬಂದುಬಿಡಲೇ ಎನ್ನುವಷ್ಟರಲ್ಲಿ ಫೋನು ಬಂತು.

"ಅಯಾಜ್ ಭಾಯಿ, ಲಗೂನ ಬಾ. ಪೆಟಿಗಿ ಕಳುವಾಗೇತಿ" ಎಂದಳು ಸುಹಾನಾ. ಅಳುತ್ತಿದ್ದಳು.

ಹೋದ. ಮಾಮು ಬದುವಿನ ಮೇಲೆ ನಿಂತಿದ್ದರು. ತಾನು ಸಿಕ್ಕಿಬಿದ್ದರೆ ಪೊಲೀಸರು ಒಯ್ಯಲಿ, ಚಿಂತೆಯಿಲ್ಲ. ಈ ಮುಖದಲ್ಲಿ ತನ್ನ ಮೇಲಿನ ನಂಬಿಕೆ ಹೋಗುವುದನ್ನು ಮಾತ್ರ ನೋಡಲಾರೆ ಅನ್ನಿಸಿತು. ಅದೇ ಹೆದರಿಕೆಗೆ ಬಾಯಿ ಜಾಸ್ತಿಯೇ ಓಡಿತು.

"ಇಲ್ಲಿ ನೋಡ್ರಿ ಮಾಮು, ಬೂಟಿನ ಗುರ್ತು. ನಮ್ಮೂರಾಗ ಯಾರ ಹಾಕ್ತಾರ್ರೀ ಇಂಥಾ ಬೂಟು? ಹುಬ್ಬಳ್ಳಿಯವರ ಹೊಳ್ಳಿ ಬಂದು ಒಯ್ದಾರ."

"ಛಲೋ ಮಂದಿ ಇದ್ರಲ್ಲೋ" ಎನ್ನುತ್ತ ಸುಹಾನಾ ಕಣ್ಣೊರೆಸಿಕೊಂಡು ಹುಬ್ಬಳ್ಳಿಯವರ ನಂಬರು ಹುಡುಕತೊಡಗಿದಳು.

ಮಾಮು ಗುರುತುಗಳ ಜಾಡು ಹಿಡಿದು ಎಲೆತೋಟದ ಅಂಚಿಗೆ ಹೋದರು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಬಗ್ಗಿದರು. ಅಯಾಜನೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ಹೋಗಿ ನಿಂತ. ಆಗ ಕಂಡಿತು. ಬೂಟಿನ ಗುರುತು ಅಂಚಿನವರೆಗೆ ಬಂದು, ಅಲ್ಲಿ ಎರಡೂ ಕಾಲು ಜೋಡಿಸಿ ನಿಂತುಬಿಟ್ಟಿತ್ತು. ಅಲ್ಲಿಂದ ಪಂಪಿನ ಮನೆಯ ತನಕ, ಈಗಷ್ಟೇ ನೀರುಂಡ ಮಣ್ಣಿನಲ್ಲಿ, ಹೋದದ್ದೂ ಬಂದದ್ದೂ ಬರಿಗಾಲು. ಮಾಮು ಸುಹಾನಾಳ ಕಡೆ ತಿರುಗಿ, "ಫೋನ್ ಇಡು ಬೇಟಿ, ಅವರಲ್ಲ" ಎಂದರು. ಆಮೇಲೆ ಅಯಾಜನ ಪಾದದ ಪಕ್ಕದಲ್ಲಿದ್ದ ಬರಿಗಾಲಿನ ಗುರುತನ್ನು ತಮ್ಮ ಕಾಲಿನಿಂದ ಮೆಲ್ಲಗೆ ಉಜ್ಜಿ ಅಳಿಸುತ್ತ, ಮಗಳಿಗೆ ಕೇಳಿಸದ ಹಾಗೆ ಅಂದರು: "ಹುಬ್ಬಳ್ಳಿಯವರಿಗೆ ಎಷ್ಟ ಹೇಳಿದ್ರೂ ಬೂಟು ಹಾಕ್ಕೊಂಡ ತ್ವಾಟದಾಗ ಬರ್ತಾರ. ಇಂವ ಕಳುವು ಮಾಡಾಕ ಬಂದ್ರೂ ಬಿಚ್ಚಿ ಬಂದಾನ ನೋಡು. ಎಲಿಬಳ್ಳಿಗೆ ಇಷ್ಟು ಮರ್ಯಾದಿ ಕೊಡೋದು ನಿನಗ ಕಲಿಸಿದಂವ ನಾನ, ಅಯಾಜ್."