ನೀಲಿ ಪೆಡಲಿನ ವೈರ್

"ಎಂತ ಆಯ್ತು ಇದಕ್ಕೆ?"

ಶ್ರೀಕಾಂತ ಚಿಕ್ಕಪ್ಪ ಬೇಸ್ ಗಿಟಾರಿನ ದಪ್ಪ ತಂತಿಯನ್ನು ಮತ್ತೊಮ್ಮೆ ಮೀಟಿದ. ತಂತಿ ನಡುಗಿತು. ಸ್ಪೀಕರ್ ಬಾಕ್ಸಿನಿಂದ ಮಾತ್ರ ಒಂದು ಸಣ್ಣ ಗುಂಯ್ ಕೂಡ ಹೊರಡಲಿಲ್ಲ.

ಸಮೂಹಗೀತೆಯ ಹುಡುಗಿಯರು ವೇದಿಕೆಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಕೊನೆಯವಳು ತನ್ಮಯಿ. ಅವಳ ಮುಂದೆ ನಿಂತಿದ್ದ ದಿವ್ಯ ತಿರುಗಿ ಕಿಸಕ್ಕೆಂದಳು.

"ನಿನ್ ಚಿಕ್ಕಪ್ಪನ ಗಿಟಾರ್ ಇವತ್ತು ಮೌನವ್ರತವಾ?"

ತನ್ಮಯಿಗೆ ನಗು ಬರಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಶುರುವಾಗುವುದು ನಾಲ್ಕಕ್ಕೆ. ಗಡಿಯಾರ ಆಗಲೇ ಮೂರೂಮುಕ್ಕಾಲು ತೋರಿಸುತ್ತಿತ್ತು. ಕುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು.

ಕೀಬೋರ್ಡಿನ ಹಿಂದೆ ಕೂತಿದ್ದ ಸುಬ್ರಾಯಣ್ಣ ಕೂಗಿದರು. ಶೃಂಗೇರಿಯ ಆರ್ಕೆಸ್ಟ್ರಾ ಅವರದೇ.

"ಬಿಟ್ಬಿಡು ಮಾರಾಯ. ಬೇಸನ್ನು ನಾನು ಎಡಗೈಯಲ್ಲೇ ನುಡಿಸ್ತೇನೆ. ಇಷ್ಟು ವರ್ಷ ಹಾಗೇ ಅಲ್ವಾ ನಡೆದದ್ದು?"

ಚಿಕ್ಕಪ್ಪನ ಮುಖ ಸಣ್ಣದಾಯಿತು. ಅವರ ಜೊತೆ ಅವನಿಗೆ ಇದೇ ಮೊದಲ ಕಾರ್ಯಕ್ರಮ. 'ಇದೊಂದು ಮಾಡು, ಆಮೇಲೆ ನೋಡುವ' ಎಂದಿದ್ದರು ಸುಬ್ರಾಯಣ್ಣ. ಸುಬ್ರಾಯಣ್ಣನ ಎಡಗೈಯೇ ಸಾಕು ಎಂದಾದರೆ ಚಿಕ್ಕಪ್ಪನನ್ನು ಇನ್ನೊಮ್ಮೆ ಯಾರು ಕರೆಯುತ್ತಾರೆ?

ಚಿಕ್ಕಪ್ಪನ ಕಾಲ ಬಳಿ ಮೂರು ಪೆಡಲ್‌ಗಳಿದ್ದವು. ಕೈಯಗಲದ ಕಬ್ಬಿಣದ ಡಬ್ಬಿಗಳು. ಗಿಟಾರಿನ ಸ್ವರ ವೈರಿನಲ್ಲಿ ಹರಿದು ಒಂದೊಂದನ್ನೇ ದಾಟಿ ಸ್ಪೀಕರಿಗೆ ಹೋಗಬೇಕು. ಹಸಿರು ಪೆಡಲ್ ಜೋರು ಸ್ವರವನ್ನೂ ಮೆಲ್ಲಗಿನ ಸ್ವರವನ್ನೂ ಒಂದೇ ಸಮ ಮಾಡುತ್ತದೆ. ಹಳದಿಯದು ಅದಕ್ಕೆ ಒರಟು ಗಂಟಲು ಕೊಡುತ್ತದೆ. ಕೊನೆಯ ನೀಲಿ ಪೆಡಲ್ ಆ ಒರಟು ಸ್ವರವನ್ನು ತುಂಗೆಯ ನೀರಿನ ಮೇಲೆ ತೇಲಿಬಿಟ್ಟಂತೆ ಮಾಡುತ್ತದೆ.

"ಹಿಂದು ಮುಂದಾಗಿ ಜೋಡಿಸಿದ್ರೆ ಗಂಜಿ ಆಗ್ತದೆ," ಎಂದು ಚಿಕ್ಕಪ್ಪ ಒಮ್ಮೆ ಹೇಳಿದ್ದ. "ಒಗ್ಗರಣೆಯನ್ನು ಸಾರಿಗೆ ಕೊನೆಗಲ್ವಾ ಹಾಕುದು? ಹಾಗೇ ಇದು."

ಇನ್ನೊಂದು ಮಾತನ್ನೂ ಅವನು ಹೇಳಿದ್ದ. ತನ್ಮಯಿಗೆ ಈಗ ನೆನಪಾಗುತ್ತಿದ್ದುದು ಅದೇ.

"ಕಾಲಲ್ಲಿ ಒತ್ತಿ ಆಫ್ ಮಾಡಿದ್ರೆ ಸಾಲದು ಕೂಸೇ. ವೈರ್ ಕಿತ್ತರೆ ಮಾತ್ರ ಒಳಗಿನ ಬ್ಯಾಟರಿ ನಿದ್ದೆ ಮಾಡ್ತದೆ. ವೈರ್ ಚುಚ್ಚಿಯೇ ಬಿಟ್ರೆ ಸುಮ್ನೆ ಖಾಲಿ ಆಗ್ತಾ ಇರ್ತದೆ."

ಭಾನುವಾರ ಸಂಜೆ ಚಿಕ್ಕಪ್ಪ ಎನ್.ಆರ್.ಪುರಕ್ಕೆ ಹೋಗಿದ್ದಾಗ ತನ್ಮಯಿ ಗಿಟಾರ್ ಎತ್ತಿಕೊಂಡಿದ್ದಳು. ವೈರನ್ನು ನೀಲಿ ಪೆಡಲಿಗೆ ಚುಚ್ಚಿ, ತಂತಿ ಮೀಟಿ, ತೇಲುವ ಆ ಸ್ವರಕ್ಕೆ ಕಣ್ಣು ಮುಚ್ಚಿದ್ದಳು. ಅಷ್ಟರಲ್ಲಿ ಸ್ಕೂಟರಿನ ಸದ್ದು ಕೇಳಿಸಿತ್ತು. ಗಿಟಾರನ್ನು ಗೂಟಕ್ಕೆ ಸಿಕ್ಕಿಸಿ ಓಡಿದ್ದಳು. ಮಂಗಳವಾರ, ಅಂದರೆ ಇವತ್ತು ಬೆಳಿಗ್ಗೆ ನೋಡಿದರೆ ವೈರ್ ಇನ್ನೂ ಪೆಡಲಿನಲ್ಲೇ ಇತ್ತು. ಮೆಲ್ಲನೆ ಕಿತ್ತು ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ.

ನೀಲಿ ಪೆಡಲಿನ ಪುಟ್ಟ ದೀಪ ಕೆಟ್ಟು ವರ್ಷವಾಗಿತ್ತು. ಒಳಗೆ ಜೀವ ಉಂಟೋ ಇಲ್ಲವೋ ಎಂದು ನೋಡಿ ತಿಳಿಯುವಂತಿರಲಿಲ್ಲ.

"ವೆಂಕಟಯ್ಯನವ್ರೇ, ನಿಮ್ಮ ಬಾಕ್ಸೇ ಕೆಟ್ಟಿದೆ!" ಚಿಕ್ಕಪ್ಪನ ದನಿ ಏರಿತು.

ಮೈಕ್‌ಸೆಟ್ಟಿನ ವೆಂಕಟಯ್ಯ ಕನ್ನಡಕ ಸರಿಮಾಡಿಕೊಂಡರು. "ಈಗಷ್ಟೇ ನೋಡಿದ್ದು, ಸರಿ ಉಂಟು ಮಾರಾಯ. ಪೆಡಲ್ ಬಿಟ್ಟು ಸೀದಾ ಹಾಕಿ ನೋಡುವನಾ?"

"ನನಗೆ ಹೇಳಿಕೊಡ್ಬೇಡಿ! ಭಾನುವಾರ ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿದ್ದೇನೆ. ಪೆಡಲಿಗೆ ಎಂತ ಆಗ್ತದೆ? ಮುದಿ ಬಾಕ್ಸ್ ತಂದಿಟ್ಟು ನನ್ನ ಮರ್ಯಾದೆ ತೆಗೀತೀರಿ!"

ಮುಂದಿನ ಸಾಲಿನ ಜನ ತಿರುಗಿ ನೋಡಿದರು. ವೆಂಕಟಯ್ಯ ಮಂಡಿಯೂರಿ ಕೂತು, ಬಾಕ್ಸಿನ ಹಿಂಬದಿಯ ಸ್ಕ್ರೂ ಬಿಚ್ಚತೊಡಗಿದರು. ಒಂದು. ಎರಡು.

ಮೂರನೆಯ ಸ್ಕ್ರೂ ಅವರ ಕೈಜಾರಿ ನೆಲಕ್ಕೆ ಬಿದ್ದು ಉರುಳಿ ತನ್ಮಯಿಯ ಕಾಲ ಬಳಿ ನಿಂತಿತು.

"ತನ್ಮಯಿ, ಲೈನ್ ಬಿಡ್ಬೇಡ!" ಟೀಚರ್ ಗದರಿದರು. ಅವಳು ಆಗಲೇ ವೇದಿಕೆ ಹತ್ತಿದ್ದಳು.

"ಚಿಕ್ಕಪ್ಪ, ಬಾಕ್ಸ್ ಸರಿ ಉಂಟು."

"ಈಗಲ್ಲ ಕೂಸೇ, ಹೋಗು."

"ನೀಲಿ ಪೆಡಲ್... ಭಾನುವಾರ ನಾನು ನುಡಿಸಿದೆ. ವೈರ್ ತೆಗೀಲಿಲ್ಲ. ಇವತ್ತು ಬೆಳಿಗ್ಗೆ ತೆಗೆದೆ."

ಚಿಕ್ಕಪ್ಪ ಅವಳನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೇ ವಾಸಿ ಎನಿಸಿತು ಅವಳಿಗೆ. ಅವನು ನೀಲಿ ಪೆಡಲನ್ನು ಬೋರಲು ಹಾಕಿ, ಚೌಕದ ಬ್ಯಾಟರಿ ತೆಗೆದು, ನಾಲಗೆಯ ತುದಿಗೆ ಮುಟ್ಟಿಸಿದ. ಜೀವವಿದ್ದರೆ ಚುರ್ ಎನ್ನಬೇಕು.

"ಸತ್ತಿದೆ," ಎಂದ.

ಐದು ನಿಮಿಷ ಉಳಿದಿತ್ತು. ಪೇಟೆಗೆ ಹೋಗಿ ಬರಲು ಹೊತ್ತಿರಲಿಲ್ಲ. ನೀಲಿ ಪೆಡಲನ್ನು ಬಿಟ್ಟು ನುಡಿಸಬಹುದಿತ್ತು. ಆದರೆ ಮಕ್ಕಳ ಹಾಡು ಶುರುವಾಗುವುದೇ ಬೇಸಿನ ತೇಲುವ ಸ್ವರದಿಂದ. ಸುಬ್ರಾಯಣ್ಣನ ಎಡಗೈಗೆ ಬಾರದ್ದು ಅದೊಂದೇ.

ಆಗ ಚಿಕ್ಕಪ್ಪನ ಮೂಗಿನ ಮುಂದೆ ಒಂದು ಚೌಕ ಬ್ಯಾಟರಿ ಬಂತು. ವೆಂಕಟಯ್ಯ ಕೈ ಚಾಚಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಹೊಟ್ಟೆ ತೆರೆದ ಕಾರ್ಡ್‌ಲೆಸ್ ಮೈಕ್.

"ಹೆಡ್‌ಮಾಸ್ಟ್ರು ವೈರಿನ ಮೈಕಲ್ಲೇ ಮಾತಾಡ್ಲಿ. ನಿಂತಲ್ಲೇ ನಿಂತ್ರೆ ಬೇಗ ಮುಗಿಸ್ತಾರೆ."

ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವನು ಬ್ಯಾಟರಿಯನ್ನು ಬೇಗಬೇಗ ನೀಲಿ ಪೆಡಲಿಗೆ ಹಾಕಿದ.

ಮೊದಲ ಸ್ವರ ಹೊರಟಾಗ ತನ್ಮಯಿಯ ಅಂಗಾಲಿನ ಕೆಳಗೆ ಹಲಗೆ ಕಂಪಿಸಿತು. ಒರಟಾಗಿ ಎದ್ದ ಸ್ವರ ಅಲೆಯಾಗಿ ಹರಡಿ ಕೊನೆಯ ಕುರ್ಚಿಯವರೆಗೂ ಹೋಯಿತು. ಗುಸುಗುಸು ಎನ್ನುತ್ತಿದ್ದವರೆಲ್ಲ ಸುಮ್ಮನಾದರು. ಸುಬ್ರಾಯಣ್ಣ ಎಡಗೈಯನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಶನಿವಾರ ನೆಮ್ಮಾರಲ್ಲಿ ಕಾರ್ಯಕ್ರಮ ಉಂಟು. ನಿನ್ನ ಡಬ್ಬಿಗಳನ್ನೂ ತಾ. ಬ್ಯಾಟರಿ ಒಂದು ಎಕ್ಸ್‌ಟ್ರಾ ಇರ್ಲಿ."

ಚಿಕ್ಕಪ್ಪ ತನ್ಮಯಿಗೆ ಪೆಡಲ್‌ಗಳ ಕಡೆ ಕೈ ತೋರಿಸಿದ. "ವೈರ್ ನೀನೇ ತೆಗಿ."

ತನ್ಮಯಿ ನೀಲಿ ಪೆಡಲಿನ ವೈರ್ ಕಿತ್ತಳು. ಬ್ಯಾಟರಿ ಹೊರತೆಗೆದು, "ವೆಂಕಟಯ್ಯಜ್ಜನಿಗೆ ಕೊಟ್ಟು ಬರ್ತೇನೆ," ಎಂದಳು.

"ತಾ ಇಲ್ಲಿ. ನಾನೇ ಹೋಗ್ಬೇಕು."

ವೇದಿಕೆಯ ಆ ತುದಿಯಲ್ಲಿ ವೆಂಕಟಯ್ಯ ಉದ್ದದ ವೈರನ್ನು ಒಬ್ಬರೇ ಸುತ್ತುತ್ತಿದ್ದರು. ಚಿಕ್ಕಪ್ಪ ಹೋಗಿ ಅವರ ಎದುರು ಕುಕ್ಕರಗಾಲಲ್ಲಿ ಕೂತ. ಮಾತು ತನ್ಮಯಿಗೆ ಕೇಳಿಸಲಿಲ್ಲ. ಚಿಕ್ಕಪ್ಪ ತಲೆ ತಗ್ಗಿಸಿದ್ದು ಮಾತ್ರ ಕಂಡಿತು. ಬೆಳಿಗ್ಗೆಯಿಂದ ತಾನು ಹೊತ್ತು ತಿರುಗಿದ ಭಾರ ಎಷ್ಟಿತ್ತೆಂದು ಅವಳಿಗೆ ಗೊತ್ತಿತ್ತು. ದೊಡ್ಡವರಿಗೂ ಅಷ್ಟೇ ಇರುತ್ತದೇನೋ.

ವೆಂಕಟಯ್ಯ ವೈರಿನ ಒಂದು ತುದಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಸುತ್ತತೊಡಗಿದರು.

ತನ್ಮಯಿ ಹಳದಿಯ ವೈರ್ ಕಿತ್ತಳು. ಆಮೇಲೆ ಹಸಿರಿನದು. ಇನ್ನೊಮ್ಮೆ ಮೂರನ್ನೂ ಮುಟ್ಟಿ ನೋಡಿ, ಪೆಟ್ಟಿಗೆಯ ಮುಚ್ಚಳ ಹಾಕಿದಳು.