ಅಪ್ಪನ ಕೆಮ್ಮಿನ ಹಾಡು

"ರೀ, ನೀವು ಹೊಡೀತಿರೋದು ಡ್ರಮ್ಮಾ, ನನ್ನ ತಲೇನಾ?"

ಮೊದಲ ದಿನವೇ ಹಾಡುಗಾರ ಹೀಗಂದಿದ್ದ! ಬ್ಯಾಂಡಿಗೆ ಡ್ರಮ್ಮರ್ ಬೇಕೆಂದು ಕೇಳಿ ಬಂದಿದ್ದ ಅವಳು ಕೋಲು ಕೆಳಗಿಡಲಿಲ್ಲ.

"ಎರಡೂ ಟೊಳ್ಳೇ ಅಲ್ವಾ? ಶಬ್ದದಲ್ಲಿ ವ್ಯತ್ಯಾಸ ಗೊತ್ತಾಗ್ತಿಲ್ಲ."

ಅವನು ಬಿದ್ದು ಬಿದ್ದು ನಕ್ಕ. ಅವಳಿಗೆ ಕೆಲಸ ಸಿಕ್ಕಿತು, ಮನಸ್ಸು ಕಳೆದುಹೋಯಿತು...

ಅವರದು ವಿಚಿತ್ರ ರಾಕ್ ಬ್ಯಾಂಡ್. ಕೆಟ್ಟುಹೋದ ಲಿಫ್ಟಿಗೊಂದು ಶೋಕಗೀತೆ, ಹಲ್ಲುನೋವಿಗೊಂದು ಜೋಗುಳ, ಗಿಟಾರಿನ ಜೊತೆ ಕುಕ್ಕರಿನ ಸೀಟಿ! ಮೊದಮೊದಲು ಕೇಳುವವರಿಗಿಂತ ಕುರ್ಚಿಗಳೇ ಹೆಚ್ಚು.

ಅವರನ್ನು ಗೆಲ್ಲಿಸಿದ್ದು ಅವಳ ಅಪ್ಪನ ಕೆಮ್ಮು. ಮನೆಯಲ್ಲಿ ಅಭ್ಯಾಸ ನಡೆದಾಗ ಅಪ್ಪ ಕೆಮ್ಮಿದರು. ಹಾಡುಗಾರ ಆ ಲಯ ಹಿಡಿದೇ ಹಾಡು ಕಟ್ಟಿದ. ರೆಕಾರ್ಡಿಂಗಿಗೆ ಅಪ್ಪನೇ ಬಂದು, "ಎಲ್ಲಿ ಕೆಮ್ಬೇಕು ಹೇಳಪ್ಪಾ," ಎಂದರು. ಹಾಡು ಮನೆಮಾತಾಯಿತು.

ಆದರೆ ಅದು ಬರೀ ಕೆಮ್ಮಾಗಿರಲಿಲ್ಲ.

ಅಪ್ಪ ತೀರಿಕೊಂಡ ವಾರವೇ ಒಪ್ಪಿಕೊಂಡಿದ್ದ ಕಾರ್ಯಕ್ರಮವಿತ್ತು. ಅವಳು ಹೋಗಲಿಲ್ಲ. ಫೋನಿಗೆ ವಿಡಿಯೊ ಬಂತು... ಅವನು ಅದೇ ಹಾಡು ಹಾಡುತ್ತಿದ್ದಾನೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ!

'ನನ್ನಪ್ಪನ ಸಾವೂ ಇವನಿಗೆ ತಮಾಷೇನಾ?'

"ಇನ್ನು ನಿನ್ನ ಮುಖ ನೋಡಲ್ಲ," ಮರುದಿನ ಮನೆಗೆ ಬಂದ ಅವನಿಗೆ ಹೇಳಿದಳು. ಅವನು ತಲೆ ತಗ್ಗಿಸಿ ನಿಂತ.

ಅವಳು ಔಷಧಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಯಾರಾದರೂ ಕೆಮ್ಮಿದರೆ ಎದೆ ಹಿಂಡುತ್ತಿತ್ತು. ಅಪ್ಪನಿಗಾಗಿಯೋ, ಅವನಿಗಾಗಿಯೋ... ಅವಳಿಗೇ ತಿಳಿಯುತ್ತಿರಲಿಲ್ಲ.

ಅವನು ಆ ಹಾಡನ್ನು ಮತ್ತೆ ಹಾಡಲಿಲ್ಲ. ಜನ ಅದನ್ನೇ ಕೇಳಿದರು, ಸಿಗದೆ ಬರುವುದನ್ನೇ ಬಿಟ್ಟರು. ಕೆಲವು ವರ್ಷಗಳ ಮೇಲೆ ಬ್ಯಾಂಡ್ ಮುಚ್ಚಿದ ಸುದ್ದಿ ಟೀವಿಯಲ್ಲಿ ಬಂದಾಗ ಅಮ್ಮ ಕಣ್ಣೊರೆಸಿಕೊಂಡರು.

"ಅವತ್ತು ಅವನಿಗೆ ಹಾಡು ಅಂದಿದ್ದು ನಿಮ್ಮಪ್ಪಾನೇ ಕಣೆ. ಆಸ್ಪತ್ರೇಲಿ ಅವನ ಕೈ ಹಿಡ್ಕೊಂಡು, 'ನಾನು ಹೋದ ವಾರಾನೇ ಹಾಡ್ಬೇಕು, ಜನ ನಗ್ಬೇಕು' ಅಂತ ಮಾತು ತಗೊಂಡ್ರು."

"ಅಮ್ಮಾ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅವನ ಸುದ್ದಿ ಎತ್ತಿದ್ರೆ ಊಟ ಬಿಟ್ಟು ಏಳ್ತಿದ್ದೆಯಲ್ಲೇ!"

ಅವಳು ಓಡಿದಳು. ಅಭ್ಯಾಸದ ಕೋಣೆಯಲ್ಲಿ ಅವನೊಬ್ಬನೇ ವೈರು ಸುತ್ತುತ್ತಿದ್ದ. ಕೆನ್ನೆ ಬತ್ತಿಹೋಗಿತ್ತು.

"ನೀನಾದ್ರೂ ಹೇಳ್ಬಾರ್ದಿತ್ತಾ?"

"ನೀನು ಅಪ್ಪನ್ನ ಕಳ್ಕೊಂಡು ನಿಂತಿದ್ದೆ. ಆಗ ನಿನ್ನ ಜೊತೆ ವಾದ ಗೆಲ್ಬೇಕಿತ್ತಾ?" ಅವನ ಧ್ವನಿ ಒಡೆಯಿತು. "ಹಾಡ್ತಾ ನಾನು ಅಳ್ತಿದ್ದೆ ಕಣೆ... ಜನ ಅದೂ ನಟನೆ ಅಂದ್ಕೊಂಡು ಇನ್ನೂ ಜೋರಾಗಿ ನಕ್ರು."

ಅವಳ ದುಃಖದ ಕಟ್ಟೆಯೊಡೆಯಿತು. ಅವನ ಭುಜಕ್ಕೆ ತಲೆಯಾನಿಸಿದಳು.

"ಕ್ಷಮಿಸ್ತೀಯಾ?"

"ಪ್ರೀತಿಸ್ತೀನಿ. ಅದರಲ್ಲೇ ಎಲ್ಲಾ ಬಂತಲ್ಲ..."

"ತಮಾಷೆ ಅಲ್ಲ ತಾನೇ?"

"ಎಷ್ಟು ಒದ್ದಾಡಿದ್ರೂ ಇದೊಂದನ್ನ ತಮಾಷೆ ಮಾಡಕ್ಕಾಗ್ಲಿಲ್ಲ."

"ಹಾಗಿದ್ರೆ... ಇನ್ನೊಂದ್ಸಲ ಹೇಳು."